ತಂಗುವವರ ಚೀಟಿ, ಗದ್ದೆಯ ನೀರು: ಬಾಲಿ ದ್ವೀಪದ ವೀಸಾ ವ್ಯವಸ್ಥೆಯ ಸುತ್ತ

(ವಿದ್ಯಾರ್ಥಿಗಳೂ ಕೃಷಿಕರೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವೀಸಾ ಎಂಬುದು ವಿಮಾನ ಹತ್ತುವವರ ವಿಷಯ, ಗುಡ್ಡದ ಮಗ್ಗುಲಲ್ಲಿ ಗದ್ದೆ ತೋಟ ಮಾಡುವವರಿಗೆ ಅದರಿಂದೇನು ಎಂಬ ಪ್ರಶ್ನೆ ಸಹಜವಾದದ್ದು. ಆದರೆ ವೀಸಾ ಎಂದರೆ ಮೂಲತಃ ಒಂದು ತೀರ್ಮಾನ. ಒಂದು ನೆಲದ ಮೇಲೆ ಹೊರಗಿನವನು ಎಷ್ಟು ದಿನ ತಂಗಬಹುದು, ಅಲ್ಲಿ ದುಡಿಯಬಹುದೇ, ಅದಕ್ಕೆ ಅವನು ಏನು ತೆರಬೇಕು ಎಂಬ ತೀರ್ಮಾನ. ಆ ತೀರ್ಮಾನ ಮಾಡುವವರು ಬೇರೆ, ಅದರ ಪರಿಣಾಮವನ್ನು ಉಣ್ಣುವವರು ಬೇರೆ ಆದಾಗ ಏನಾಗುತ್ತದೆ ಎಂಬುದನ್ನು ಇಂಡೊನೇಷ್ಯಾದ ಬಾಲಿ ದ್ವೀಪದಷ್ಟು ಸ್ಪಷ್ಟವಾಗಿ ತೋರಿಸುವ ಜಾಗಗಳು ವಿರಳ.

ಬಾಲಿಯ ವಿಸ್ತೀರ್ಣ ಸುಮಾರು 5,780 ಚದರ ಕಿಲೋಮೀಟರು. ಕೊಡಗಿಗಿಂತ ದೊಡ್ಡದು, ಚಿಕ್ಕಮಗಳೂರು ಜಿಲ್ಲೆಗಿಂತ ಚಿಕ್ಕದು. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 43 ಲಕ್ಷ. 2024ರಲ್ಲಿ ಆ ದ್ವೀಪಕ್ಕೆ ಬಂದಿಳಿದ ವಿದೇಶೀಯರು 63 ಲಕ್ಷಕ್ಕೂ ಹೆಚ್ಚು. ಇಂಡೊನೇಷ್ಯಾದ ಇತರ ದ್ವೀಪಗಳಿಂದ ಬರುವ ಪ್ರವಾಸಿಗಳು ಈ ಲೆಕ್ಕದಲ್ಲಿ ಸೇರಿಲ್ಲ. 2023 ಮತ್ತು 2024ರಲ್ಲಿ ಆಸ್ಟ್ರೇಲಿಯನ್ನರ ನಂತರ ಅತಿ ಹೆಚ್ಚಿನ ಸಂಖ್ಯೆಯಲ್ಲಿ ಬಂದವರು ಭಾರತೀಯರು. 2024ರಲ್ಲಿ ಬೆಂಗಳೂರಿನಿಂದಲೇ ಬಾಲಿಗೆ ನೇರ ವಿಮಾನ ಆರಂಭವಾಯಿತು. ಆದ್ದರಿಂದ ಇದು ಪರರ ಮನೆಯ ಸುದ್ದಿಯೆಂದು ಕೈತೊಳೆದುಕೊಳ್ಳುವಂತಿಲ್ಲ. ಕರ್ನಾಟಕದ ತರುಣರೂ ಆ ಗದ್ದೆಗಳ ನಡುವಿನ ವಸತಿಗೃಹಗಳಲ್ಲಿ ತಂಗುತ್ತಿದ್ದಾರೆ. ಲ್ಯಾಪ್‌ಟಾಪ್ ತೆರೆದು ಅಲ್ಲಿಂದಲೇ ದುಡಿಯುವ ಕನಸು ಹಲವರಿಗಿದೆ.

ಮೊದಲು ಚೀಟಿಗಳ ವಿಚಾರ. 2016ರಲ್ಲಿ ಇಂಡೊನೇಷ್ಯಾ ಸರಕಾರವು 169 ದೇಶಗಳ ಪ್ರಜೆಗಳಿಗೆ ಮೂವತ್ತು ದಿನಗಳ ಮಟ್ಟಿಗೆ ವೀಸಾ ಇಲ್ಲದೆಯೇ ಪ್ರವೇಶ ನೀಡಿತು. ಭಾರತವೂ ಆ ಪಟ್ಟಿಯಲ್ಲಿತ್ತು. 2020ರ ಸಾಂಕ್ರಾಮಿಕದಲ್ಲಿ ಆ ಬಾಗಿಲು ಮುಚ್ಚಿತು. 2023ರಲ್ಲಿ 159 ದೇಶಗಳ ಮಟ್ಟಿಗೆ ಆ ಸೌಲಭ್ಯವನ್ನು ವಿಧ್ಯುಕ್ತವಾಗಿಯೇ ಅಮಾನತುಗೊಳಿಸಲಾಯಿತು. ಈಗ ಭಾರತೀಯನಿಗೆ ಸುಲಭದ ದಾರಿಯೆಂದರೆ ಆಗಮನದ ವೀಸಾ. ಶುಲ್ಕ 5 ಲಕ್ಷ ರುಪಿಯಾ. ಸಂಖ್ಯೆ ಕೇಳಿ ಬೆಚ್ಚಬೇಕಿಲ್ಲ, ಭಾರತದ ನಾಣ್ಯದಲ್ಲಿ ಅದು ಎರಡೂವರೆ ಮೂರು ಸಾವಿರದ ಆಸುಪಾಸು. ಅವಧಿ ಮೂವತ್ತು ದಿನ. ಒಮ್ಮೆ ಮಾತ್ರ ಇನ್ನೂ ಮೂವತ್ತು ದಿನ ವಿಸ್ತರಿಸಬಹುದು. 2025ರ ಮೇ ತಿಂಗಳ ಕೊನೆಯಿಂದ ವಿಸ್ತರಣೆಗೆ ವಲಸೆ ಕಚೇರಿಗೆ ಖುದ್ದಾಗಿ ಹೋಗಿ ಭಾವಚಿತ್ರ ತೆಗೆಸಿಕೊಂಡು ಪ್ರಶ್ನೆಗಳಿಗೆ ಉತ್ತರಿಸಬೇಕೆಂಬ ನಿಯಮ ಬಂದಿದೆ. ಇನ್ನೂ ಹೆಚ್ಚು ತಂಗಬೇಕೆನ್ನುವವರಿಗೆ ಮುಂಚಿತವಾಗಿ ಪಡೆಯುವ ಏಕಪ್ರವೇಶ ಭೇಟಿ ವೀಸಾ ಇದೆ. ಅದು ಅರವತ್ತು ದಿನಗಳದ್ದು. ಎರಡು ಬಾರಿ ವಿಸ್ತರಿಸಿದರೆ ಒಟ್ಟು 180 ದಿನ. ಅಲ್ಲಿಗೆ ಪ್ರವಾಸಿಯ ಮೆಟ್ಟಿಲು ಮುಗಿಯುತ್ತದೆ. ಕೊನೆಯ ದಿನ ಸಿಂಗಾಪುರಕ್ಕೋ ಕೌಲಾಲಂಪುರಕ್ಕೋ ಹಾರಿ, ಎರಡು ದಿನ ಕಳೆದು, ಹೊಸ ಮುದ್ರೆಯೊಂದಿಗೆ ಮರಳುವ ರೂಢಿ ವರ್ಷಗಳಿಂದ ಇದೆ. ಅದು ಅಪರಾಧವಲ್ಲದಿದ್ದರೂ, ಪದೇಪದೇ ಹಾಗೆ ಮಾಡುವವರನ್ನು ಅಧಿಕಾರಿಗಳು ಸಂಶಯದಿಂದ ನೋಡುವುದು ಸಹಜ.

ಈ ಮೆಟ್ಟಿಲಿನ ಮೇಲೆ ನಿಂತವನು ಅಲ್ಲಿ ದುಡಿಯುವಂತಿಲ್ಲ. ಈ ಮಾತನ್ನು ವಿದ್ಯಾರ್ಥಿಗಳು ಗಟ್ಟಿಯಾಗಿ ನೆನಪಿಡಬೇಕು. ಯೋಗ ಕಲಿಸುವುದು, ಮದುವೆಯ ಚಿತ್ರ ತೆಗೆದು ಹಣ ಪಡೆಯುವುದು, ಬಾಡಿಗೆಗೆ ಮೋಟಾರು ಸೈಕಲ್ ಕೊಡುವುದು ಇವೆಲ್ಲ ಪ್ರವಾಸಿ ವೀಸಾದ ದುರುಪಯೋಗವೆನಿಸುತ್ತವೆ. 2011ರ ವಲಸೆ ಕಾನೂನಿನ 122ನೆಯ ವಿಧಿಯಂತೆ ಇದಕ್ಕೆ ಐದು ವರ್ಷದವರೆಗೆ ಸೆರೆ, 50 ಕೋಟಿ ರುಪಿಯಾದವರೆಗೆ ದಂಡ ವಿಧಿಸಲು ಅವಕಾಶವಿದೆ. ವ್ಯವಹಾರದಲ್ಲಿ ಹೆಚ್ಚಾಗಿ ನಡೆಯುವುದು ಗಡೀಪಾರು. ಅವಧಿ ಮೀರಿ ಉಳಿದರೆ ದಿನವೊಂದಕ್ಕೆ 10 ಲಕ್ಷ ರುಪಿಯಾ ದಂಡ. ಅರವತ್ತು ದಿನ ಮೀರಿದರೆ ದಂಡದ ಮಾತೇ ಇಲ್ಲ, ಗಡೀಪಾರು ಮತ್ತು ಮರುಪ್ರವೇಶಕ್ಕೆ ನಿಷೇಧ. 2023ರ ಒಂದೇ ವರ್ಷದಲ್ಲಿ ಬಾಲಿಯಿಂದ ಮುನ್ನೂರಕ್ಕೂ ಹೆಚ್ಚು ವಿದೇಶೀಯರನ್ನು ಹೊರಹಾಕಲಾಯಿತು. ಮಧ್ಯವರ್ತಿಗಳು 'ಎಲ್ಲ ಆಗುತ್ತದೆ' ಎನ್ನುತ್ತಾರೆ. ಸಿಕ್ಕಿಬಿದ್ದಾಗ ಕಟಕಟೆಯಲ್ಲಿ ನಿಲ್ಲುವವನು ಪಾಸ್‌ಪೋರ್ಟಿನ ಒಡೆಯನೇ ಹೊರತು ಮಧ್ಯವರ್ತಿಯಲ್ಲ.

ಆರು ತಿಂಗಳು ಸಾಲದು, ನೆಲೆಸಬೇಕು ಎನ್ನುವವರಿಗೆ ಬೇರೆಯೇ ಏಣಿ ಇದೆ. ಅದರ ಹೆಸರು ಕಿತಾಸ್, ಅಂದರೆ ಸೀಮಿತ ವಾಸ್ತವ್ಯದ ಪರವಾನಗಿ. ಅದರ ಮೇಲಿನದು ಕಿತಾಪ್, ಕಾಯಂ ವಾಸ್ತವ್ಯದ್ದು. ಉದ್ಯೋಗ ಕೊಟ್ಟ ಸಂಸ್ಥೆ ಜಾಮೀನು ನಿಂತರೆ ಕಿತಾಸ್ ಸಿಗುತ್ತದೆ. ಇಂಡೊನೇಷ್ಯಾದ ಪ್ರಜೆಯನ್ನು ವರಿಸಿದವರಿಗೆ ಸಿಗುತ್ತದೆ. ವಯಸ್ಸು ಮತ್ತು ಪಿಂಚಣಿಯ ಪುರಾವೆ ಕೊಟ್ಟ ನಿವೃತ್ತರಿಗೆ, ದುಡಿಯಬಾರದೆಂಬ ಷರತ್ತಿನೊಡನೆ, ಸಿಗುತ್ತದೆ. 2024ರಿಂದ ದೂರದೇಶದ ಕಂಪನಿಗೆ ದುಡಿಯುವವರಿಗೂ ಒಂದು ವರ್ಷದ ವಿಭಾಗ ತೆರೆದಿದೆ. ವಾರ್ಷಿಕ ಆದಾಯ 60,000 ಡಾಲರ್ ಇದೆಯೆಂದು ತೋರಿಸಬೇಕು, ಸ್ಥಳೀಯ ಸಂಸ್ಥೆಯಿಂದ ಚಿಕ್ಕಾಸೂ ಪಡೆಯಬಾರದು. ಐವತ್ತು ಲಕ್ಷ ರೂಪಾಯಿ ಆಸುಪಾಸಿನ ಈ ಸಂಬಳ ಬೆಂಗಳೂರಿನ ಎಷ್ಟು ತರುಣರಿಗಿದೆ ಎಂಬುದನ್ನು ಅವರೇ ಲೆಕ್ಕ ಹಾಕಿಕೊಳ್ಳಬೇಕು.

ಏಣಿಯ ತುದಿಯಲ್ಲಿರುವುದು ಹಣ, ಬರಿಯ ಹಣ. 2022ರ ಕೊನೆಯಲ್ಲಿ ಬಂದ 'ಎರಡನೆಯ ಮನೆ' ವೀಸಾಕ್ಕೆ ಸರಕಾರಿ ಬ್ಯಾಂಕಿನಲ್ಲಿ 200 ಕೋಟಿ ರುಪಿಯಾ, ಅಂದರೆ ಸುಮಾರು ಒಂದು ಕೋಟಿ ರೂಪಾಯಿಯ ಠೇವಣಿ ಕೇಳಲಾಯಿತು. ಪ್ರತಿಫಲವಾಗಿ ಐದು ಅಥವಾ ಹತ್ತು ವರ್ಷಗಳ ವಾಸ್ತವ್ಯ. 2023ರಲ್ಲಿ ನಿಯಮ ರೂಪುಗೊಂಡು 2024ರ ಜುಲೈಯಲ್ಲಿ ಅಂದಿನ ಅಧ್ಯಕ್ಷ ಜೋಕೊ ವಿಡೊಡೊ ಅವರು ವಿಧ್ಯುಕ್ತವಾಗಿ ಉದ್ಘಾಟಿಸಿದ 'ಚಿನ್ನದ ವೀಸಾ'ದಲ್ಲಿ ದರಪಟ್ಟಿಯೇ ಇದೆ: ಕಂಪನಿ ಸ್ಥಾಪಿಸಿ 25 ಲಕ್ಷ ಡಾಲರ್ ಹೂಡಿದರೆ ಐದು ವರ್ಷ, 50 ಲಕ್ಷಕ್ಕೆ ಹತ್ತು ವರ್ಷ. ಕಂಪನಿಯ ತಾಪತ್ರಯ ಬೇಡವೆನ್ನುವವರು ಸರಕಾರಿ ಸಾಲಪತ್ರಗಳಲ್ಲೋ ಷೇರುಗಳಲ್ಲೋ ಮೂರೂವರೆ ಲಕ್ಷ ಡಾಲರ್ ತೊಡಗಿಸಿದರೆ ಐದು ವರ್ಷ, ಏಳು ಲಕ್ಷ ತೊಡಗಿಸಿದರೆ ಹತ್ತು. ಪೇಟೆಯಲ್ಲಿ ಅಡಿಕೆಗೆ ದರ ಕಟ್ಟುವಂತೆ ವಾಸ್ತವ್ಯಕ್ಕೂ ದರ ಕಟ್ಟಲಾಗಿದೆ. ಬಂಡವಾಳ ಬೇಕಾದ ದೇಶವೊಂದು ಹಾಗೆ ಮಾಡುವುದರಲ್ಲಿ ಅಸಹಜವೇನೂ ಇಲ್ಲ. ಹಲವು ದೇಶಗಳು ಇದನ್ನೇ ಮಾಡಿವೆ.

ಗಮನಿಸಬೇಕಾದದ್ದು ಈ ಅರ್ಜಿಗಳು ಕೇಳುವ ಪ್ರಶ್ನೆಗಳನ್ನು. ಆದಾಯವೆಷ್ಟು, ಠೇವಣಿಯೆಷ್ಟು, ಜಾಮೀನುದಾರ ಯಾರು ಎಂದು ಅವು ಕೇಳುತ್ತವೆ. ಯಾವ ಊರಿನಲ್ಲಿ ಮನೆ, ಆ ಮನೆಯ ಕೆಳಗೆ ಮೊದಲು ಏನಿತ್ತು, ನೀರು ಎಲ್ಲಿಂದ ಬರುತ್ತದೆ ಎಂಬುದು ಆ ಪರಿಶೀಲನೆಯ ವ್ಯಾಪ್ತಿಗೆ ಬರುವುದಿಲ್ಲ.

ನೆಲದ ವಿಚಾರದಲ್ಲಿ ಇಂಡೊನೇಷ್ಯಾದ ಕಾನೂನು ಕಟ್ಟುನಿಟ್ಟಿನದೇ. 1960ರ ಮೂಲ ಭೂಕಾಯಿದೆಯಂತೆ ಪೂರ್ಣ ಒಡೆತನ, ಅಂದರೆ 'ಹಕ್ ಮಿಲಿಕ್', ಸ್ವದೇಶೀ ಪ್ರಜೆಗೆ ಮಾತ್ರ. ಕನ್ನಡಿಗರಿಗೆ ಈ ಪದಗಳನ್ನು ಅನುವಾದಿಸಿ ಹೇಳಬೇಕಿಲ್ಲ. ಹಕ್ಕು, ಮಾಲೀಕ ಎಂಬ ನಿತ್ಯದ ಮಾತುಗಳ ಅರಬೀ ಮೂಲವೇ ಅಲ್ಲಿಯೂ ಹೋಗಿ ಸೇರಿದೆ. ವಿದೇಶೀಯನಿಗೆ ದೊರೆಯುವುದು ಕಾಲಮಿತಿಯ ಬಳಕೆಯ ಹಕ್ಕು ಅಥವಾ ಗುತ್ತಿಗೆ. ಬಾಲಿಯಲ್ಲಿ ನೂರು ಚದರ ಮೀಟರಿನ 'ಆರೆ' ಎಂಬ ಅಳತೆಯಲ್ಲಿ, ವರ್ಷಕ್ಕಿಷ್ಟೆಂದು ಬೆಲೆ ಕಟ್ಟಿ, ಇಪ್ಪತ್ತೈದು ಮೂವತ್ತು ವರ್ಷಗಳಿಗೆ ಗದ್ದೆಯನ್ನು ಗುತ್ತಿಗೆಗೆ ಕೊಡುವುದು ಸಾಮಾನ್ಯ. ಕಾನೂನು ಬಿಗಿಯಾದಲ್ಲೆಲ್ಲ ಹಿಂಬಾಗಿಲು ಹುಟ್ಟಿಕೊಳ್ಳುತ್ತದೆ. ಸ್ಥಳೀಯನೊಬ್ಬನ ಹೆಸರಿನಲ್ಲಿ ಜಮೀನು ಕೊಂಡು ಒಡೆತನವನ್ನು ಒಳಒಪ್ಪಂದದಲ್ಲಿ ಇಟ್ಟುಕೊಳ್ಳುವ ಬೇನಾಮಿ ಪದ್ಧತಿ ಅಲ್ಲಿಯೂ ಇದೆ. ನ್ಯಾಯಾಲಯದ ಮುಂದೆ ಅಂಥ ಪತ್ರಕ್ಕೆ ಬೆಲೆಯಿಲ್ಲ. ಇನ್ನೊಂದು ದಾರಿ ವಿದೇಶೀ ಬಂಡವಾಳದ ಕಂಪನಿ. ಸಾವಿರ ಕೋಟಿ ರುಪಿಯಾ ಹೂಡುವ ಯೋಜನೆಯನ್ನು ಕಾಗದದ ಮೇಲಷ್ಟೇ ತೋರಿಸಿ, ಆ ಕಂಪನಿಯ ಹೆಸರಿನಲ್ಲಿ ಹೂಡಿಕೆದಾರನ ಕಿತಾಸ್ ಪಡೆದವರು ಅನೇಕರಿದ್ದರು. 2025ರಲ್ಲಿ ಅಂಥ ಹಲವು ಕಂಪನಿಗಳ ಪರವಾನಗಿ ರದ್ದಾಯಿತು.

ಇನ್ನು ಗದ್ದೆಯ ಕಡೆಗೆ ಬರಬೇಕು. ಬಾಲಿಯ ನೀರಾವರಿ ಸಮುದಾಯಕ್ಕೆ 'ಸುಬಕ್' ಎಂದು ಹೆಸರು. ಅದರ ಚರಿತ್ರೆ ಒಂಬತ್ತನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಜ್ವಾಲಾಮುಖಿಯ ಬಾಯಲ್ಲಿ ನಿಂತ ಸರೋವರಗಳು, ಅವುಗಳ ಕೆಳಗೆ ಇಳಿಜಾರಿನ ಕಾಡು, ಕಾಡಿನಿಂದ ಜಿನುಗುವ ಹೊಳೆ, ಹೊಳೆಗೆ ಅಡ್ಡ ಕಟ್ಟ, ಕಟ್ಟದಿಂದ ಬಂಡೆಯೊಳಗೆ ಕೊರೆದ ಸುರಂಗ, ಸುರಂಗದಿಂದ ಕಾಲುವೆ, ಕಾಲುವೆಯಿಂದ ಮೆಟ್ಟಿಲುಗದ್ದೆ. ಒಂದೇ ಮೂಲದಿಂದ ನೀರು ಪಡೆಯುವ ರೈತರೆಲ್ಲ ಒಂದು ಸುಬಕ್. ಅದರ ಯಜಮಾನನನ್ನು 'ಪೆಕಸೆಹ್' ಎನ್ನುತ್ತಾರೆ. ಯಾರಿಗೆ ಎಷ್ಟು ನೀರು, ಯಾವಾಗ ಬೀಜ, ಯಾವಾಗ ನಾಟಿ, ಕಾಲುವೆಯ ಹೂಳೆತ್ತಲು ಯಾರ ಮನೆಯಿಂದ ಎಷ್ಟು ಆಳು ಎಂಬುದೆಲ್ಲ ಸಭೆಯಲ್ಲಿ ತೀರ್ಮಾನವಾಗುತ್ತದೆ. ಸರದಿಯ ನೀರಿಗಾಗಿ ರಾತ್ರಿ ಲಾಟೀನು ಹಿಡಿದು ಕಟ್ಟದ ಬಳಿ ಕಾದ ಮಲೆನಾಡಿನ ಹಿರಿಯರಿಗೆ ಈ ವ್ಯವಸ್ಥೆಯ ಬೆಲೆಯನ್ನು ಯಾರೂ ವಿವರಿಸಬೇಕಿಲ್ಲ.

ಪ್ರತಿ ಕಟ್ಟದ ಬಳಿಯೂ, ಕಾಲುವೆ ಕವಲೊಡೆಯುವಲ್ಲೆಲ್ಲ ಒಂದು ಗುಡಿ ಇರುತ್ತದೆ. ಎಲ್ಲಕ್ಕೂ ಮೇಲೆ ಬಾತುರ್ ಸರೋವರದ ದೇವಿಯ ದೇವಾಲಯ. ದೇವರು, ಮನುಷ್ಯ, ಪ್ರಕೃತಿ ಈ ಮೂರರ ನಡುವಿನ ಹೊಂದಾಣಿಕೆಯನ್ನು ಅವರು 'ತ್ರಿ ಹಿತ ಕರಣ' ಎಂದು ಕರೆಯುತ್ತಾರೆ. ಪೂಜೆಯ ಪಂಚಾಂಗವೇ ನಾಟಿಯ ಪಂಚಾಂಗವೂ ಆಗಿರುವುದು ಇದರ ವಿಶೇಷ. 1970ರ ದಶಕದಲ್ಲಿ ಹಸಿರುಕ್ರಾಂತಿಯ ಅಧಿಕಾರಿಗಳು ಬಂದು, ಗುಡಿಯ ದಿನಗಳನ್ನು ಕಾಯಬೇಡಿ, ಹೊಸ ತಳಿಯ ಬೀಜ ಹಾಕಿ, ಸಾಧ್ಯವಾದಷ್ಟು ಸಲ ಬೆಳೆಯಿರಿ ಎಂದರು. ಪ್ರತಿಯೊಬ್ಬನೂ ತನ್ನಿಷ್ಟದಂತೆ ನಾಟಿ ಮಾಡಿದ. ಕೆಲವೇ ವರ್ಷಗಳಲ್ಲಿ ನೀರಿನ ಜಗಳ ಹೆಚ್ಚಿತು. ಕಂದು ಜಿಗಿಹುಳು, ಇಲಿ, ರೋಗಗಳು ಗದ್ದೆಗಳನ್ನು ಮುತ್ತಿದವು. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಈ ಒಗಟನ್ನು ಕಂಪ್ಯೂಟರ್ ಮಾದರಿಯ ಮೂಲಕ ಬಿಡಿಸಿದರು. ಇಡೀ ಬಯಲು ಒಂದೇ ಕಾಲಕ್ಕೆ ಬೀಳುಬಿದ್ದರೆ ಕೀಟಕ್ಕೆ ಆಹಾರವಿಲ್ಲ, ಅದು ಸಾಯುತ್ತದೆ. ಆದರೆ ಎಲ್ಲರೂ ಒಂದೇ ದಿನ ನಾಟಿ ಮಾಡಿದರೆ ನೀರು ಸಾಲದು. ಇವೆರಡರ ನಡುವಿನ ಹದವನ್ನು ಗುಡಿಗಳ ಜಾಲ ಶತಮಾನಗಳಿಂದ ಕಾಯ್ದುಕೊಂಡು ಬಂದಿತ್ತು. ಲ್ಯಾನ್ಸಿಂಗ್ ಅವರ ಗ್ರಂಥ 1991ರಲ್ಲಿ ಪ್ರಕಟವಾಯಿತು. 2012ರಲ್ಲಿ ಯುನೆಸ್ಕೊ ಸುಬಕ್ ಭೂದೃಶ್ಯದ ಸುಮಾರು 19,500 ಹೆಕ್ಟೇರನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಹಸಿರುಕ್ರಾಂತಿಯಿಂದ ಚೇತರಿಸಿಕೊಂಡ ಸುಬಕ್ ಈಗ ಎದುರಿಸುತ್ತಿರುವುದು ಇನ್ನೂ ಕಠಿಣವಾದದ್ದನ್ನು. ಗದ್ದೆಸಾಲಿನ ನಡುವೆ ಒಂದು ಬಂಗಲೆ ಎದ್ದಿತೆಂದು ಇಟ್ಟುಕೊಳ್ಳೋಣ. ಅಡಿಪಾಯಕ್ಕಾಗಿ ಕಾಲುವೆಯನ್ನು ಮುಚ್ಚಲಾಗುತ್ತದೆ ಅಥವಾ ತಿರುಗಿಸಲಾಗುತ್ತದೆ. ಕೆಳಗಿನ ನಾಲ್ಕು ಗದ್ದೆಗಳಿಗೆ ನೀರಿಲ್ಲ. ಸುತ್ತಲಿನ ನೆಲದ ಬೆಲೆ ಏರಿದಂತೆ ಉಳಿದ ಗದ್ದೆಯ ತೆರಿಗೆಯೂ ಏರುತ್ತದೆ. ಭತ್ತದ ಆದಾಯ ಆ ತೆರಿಗೆಯೊಡನೆ ಓಡಲಾರದು. ಹೂಳೆತ್ತಲು ಬರುತ್ತಿದ್ದ ಹತ್ತು ಮನೆಗಳಲ್ಲಿ ಆರು ಮನೆಯವರು ಗುತ್ತಿಗೆ ಕೊಟ್ಟು ಹೊರಬಿದ್ದಾಗ ಉಳಿದ ನಾಲ್ವರೂ ಸೋಲುತ್ತಾರೆ. ಹೊಸ ನಿವಾಸಿ ಕಾಲುವೆಯ ನೀರಿಗೆ ಕೈಚಾಚುವುದಿಲ್ಲ ನಿಜ, ಅವನದು ಕೊಳವೆಬಾವಿ. ಈಜುಕೊಳ, ಹುಲ್ಲುಹಾಸು, ಬಟ್ಟೆ ಒಗೆಯುವ ಯಂತ್ರ ಎಲ್ಲಕ್ಕೂ ಅಂತರ್ಜಲವೇ. ದಕ್ಷಿಣದ ಕರಾವಳಿಯಲ್ಲಿ ಬಾವಿಗಳಿಗೆ ಉಪ್ಪುನೀರು ನುಗ್ಗಿದೆ. ದ್ವೀಪದ ನೀರಿನಲ್ಲಿ ಶೇಕಡಾ 65ರಷ್ಟು ಪ್ರವಾಸೋದ್ಯಮದ ಪಾಲಾಗುತ್ತಿದೆ ಎಂಬ ಅಂದಾಜು ಒಂದು ದಶಕಕ್ಕೂ ಮೇಲ್ಪಟ್ಟು ಪದೇಪದೇ ಉಲ್ಲೇಖಗೊಳ್ಳುತ್ತಿದೆ. ಆ ಸಂಖ್ಯೆ ಸ್ವಲ್ಪ ಹಿಂದುಮುಂದಾದರೂ ದಿಕ್ಕು ಬದಲಾಗದು. ಬಂಗಲೆಯ ಕಿಟಕಿಯಿಂದ ಗದ್ದೆಯ ಹಸಿರು ಕಾಣುತ್ತದೆಂದೇ ಜಾಹೀರಾತು. ಪಕ್ಕದವನೂ ಅದನ್ನೇ ನಂಬಿ ಕಟ್ಟಿಸಿದ ಮೇಲೆ ಕಾಣುವುದು ಅವನ ಗೋಡೆ.

ಇದನ್ನೆಲ್ಲ ತಡೆಯುವ ಅಧಿಕಾರ ಯಾರಿಗಿದೆ? ವೀಸಾ ಕೊಡುವುದು ಜಕಾರ್ತಾ. ಶುಲ್ಕ ಹೋಗುವುದೂ ಅಲ್ಲಿಗೇ. 2023ರ ಮಾರ್ಚಿಯಲ್ಲಿ ಬಾಲಿಯ ರಾಜ್ಯಪಾಲ ವಯಾನ್ ಕೊಸ್ಟೆರ್ ಅವರು ರಷ್ಯಾ ಮತ್ತು ಉಕ್ರೇನಿನ ಪ್ರಜೆಗಳಿಗೆ ಆಗಮನದ ವೀಸಾ ನಿಲ್ಲಿಸಬೇಕೆಂದು ಕೇಂದ್ರವನ್ನು ಕೇಳಿದರು. ಯುದ್ಧದಿಂದ ತಪ್ಪಿಸಿಕೊಂಡು ಬಂದವರಲ್ಲಿ ಕೆಲವರು ಕ್ಷೌರಿಕರಾಗಿ, ಚಾಲಕರಾಗಿ, ಮಾರ್ಗದರ್ಶಕರಾಗಿ ಸ್ಥಳೀಯರ ದುಡಿಮೆಗೆ ಕೈಹಾಕಿದ್ದಾರೆಂಬುದು ದೂರು. ಕೇಂದ್ರ ಒಪ್ಪಲಿಲ್ಲ. ದೇಶವೊಂದರ ಪ್ರಜೆಗಳೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಆ ಬೇಡಿಕೆ ನ್ಯಾಯವಾದದ್ದೂ ಆಗಿರಲಿಲ್ಲ. ಬಾಲಿಗೆ ದಕ್ಕಿದ್ದು ಬೇರೊಂದು ಸಣ್ಣ ಅಧಿಕಾರ: 2024ರ ಫೆಬ್ರವರಿ 14ರಿಂದ ಪ್ರತಿ ವಿದೇಶೀ ಪ್ರವಾಸಿಯಿಂದ ಒಂದೂವರೆ ಲಕ್ಷ ರುಪಿಯಾ, ಎಂದರೆ ಎಂಟುನೂರು ರೂಪಾಯಿಯ ಆಸುಪಾಸು, ಪ್ರಾಂತೀಯ ಶುಲ್ಕ. ಸಂಸ್ಕೃತಿ ಮತ್ತು ಪರಿಸರದ ರಕ್ಷಣೆಗೆಂದು ಅದನ್ನು ಎತ್ತಲಾಗುತ್ತಿದೆ.

ಇವೆರಡಕ್ಕೂ ಕೆಳಗೆ 'ದೇಸ ಅದತ್', ಅಂದರೆ ರೂಢಿಯ ಕಟ್ಟಿನ ಗ್ರಾಮ ಇದೆ. ದೇಶ ಎಂಬ ಸಂಸ್ಕೃತ ಶಬ್ದ ಅಲ್ಲಿ ಹಳ್ಳಿಯೆಂಬ ಅರ್ಥದಲ್ಲಿ ನಿಂತಿದೆ. 2019ರ ಪ್ರಾಂತೀಯ ಕಾನೂನು ಈ ಗ್ರಾಮಗಳಿಗೆ ಸ್ಥಾನ ನೀಡಿ, ಅಲ್ಲಿ ವಾಸಿಸುವವರನ್ನು ಗ್ರಾಮದ ಸದಸ್ಯರು, ಹೊರಗಿನಿಂದ ಬಂದ ಬಾಲಿ ಹಿಂದೂಗಳು, 'ತಮಿಯು' ಎಂಬ ಇತರ ಅತಿಥಿಗಳು ಎಂದು ಗುರುತಿಸುತ್ತದೆ. ಗ್ರಾಮದ ಬಲ ಕಾಣುವುದು ವರ್ಷಕ್ಕೊಂದು ದಿನ. ಶಕವರ್ಷದ ಮೊದಲ ದಿನವಾದ 'ನ್ಯೆಪಿ'ಯಂದು ಇಡೀ ದ್ವೀಪ ಮೌನದಲ್ಲಿರುತ್ತದೆ. ದೀಪವಿಲ್ಲ, ಸಂಚಾರವಿಲ್ಲ, ವಿಮಾನ ನಿಲ್ದಾಣವೂ ಒಂದು ಹಗಲು ಒಂದು ರಾತ್ರಿ ಮುಚ್ಚಿರುತ್ತದೆ. ಯುಗಾದಿಯ ಶಕಗಣನೆಯೇ ಅದರದ್ದೂ. 2023ರಲ್ಲಿ ಎರಡೂ ಮಾರ್ಚ್ 22ರಂದೇ ಬಂದವು. ಆ ದಿನ ಕಡಲತೀರದಲ್ಲಿ ಡೇರೆ ಹಾಕಿ, ಎದ್ದುಹೋಗಿರೆಂದ ಗ್ರಾಮದ ಕಾವಲುಗಾರರ ಮಾತನ್ನು ಕೇಳದ ಇಬ್ಬರು ಪೋಲೆಂಡಿನ ಪ್ರವಾಸಿಗಳನ್ನು ಗಡೀಪಾರು ಮಾಡಲಾಯಿತು. ಆದರೆ ಉಳಿದ ದಿನಗಳಲ್ಲಿ ಗದ್ದೆಯ ಗುತ್ತಿಗೆ ಪತ್ರಕ್ಕೆ ಸಹಿ ಬೀಳುವುದನ್ನು ಈ ಕಾವಲುಗಾರರು ತಡೆಯಲಾರರು. ಸಹಿ ಹಾಕುವವನು ಗ್ರಾಮದ ಸದಸ್ಯನೇ.

ಜನ ಒಟ್ಟಾಗಿ ತಡೆದ ಉದಾಹರಣೆ ಇಲ್ಲದಿಲ್ಲ. ಬೆನೊವಾ ಕೊಲ್ಲಿಯಲ್ಲಿ ಸುಮಾರು 700 ಹೆಕ್ಟೇರ್ ಸಮುದ್ರ ತುಂಬಿಸಿ ವಿಲಾಸ ದ್ವೀಪಗಳನ್ನು ಕಟ್ಟುವ ಯೋಜನೆಯ ವಿರುದ್ಧ 2013ರಿಂದ 'ಫೋರ್‌ಬಾಲಿ' ಚಳವಳಿ ನಡೆಯಿತು. 2014ರಲ್ಲಿ ಅಧ್ಯಕ್ಷರ ಆದೇಶವೊಂದು ಆ ಕೊಲ್ಲಿಯ ಸಂರಕ್ಷಿತ ಸ್ಥಾನವನ್ನೇ ಕಿತ್ತುಹಾಕಿತ್ತು. ಗ್ರಾಮಗಳು ಒಂದೊಂದಾಗಿ ಸಭೆ ಸೇರಿ ವಿರೋಧದ ನಿರ್ಣಯ ಮಾಡಿದವು; ಸಂಗೀತಗಾರರೂ ವಿದ್ಯಾರ್ಥಿಗಳೂ ಬೀದಿಗಿಳಿದರು. 2018ರಲ್ಲಿ ಯೋಜನೆಯ ಸ್ಥಳಾನುಮತಿ ಕಾಲಾತೀತವಾಯಿತು, 2019ರಲ್ಲಿ ಸಾಗರ ಸಚಿವೆ ಸುಸಿ ಪುಜಿಯಾಸ್ತುತಿ ಅವರು ಕೊಲ್ಲಿಯನ್ನು ಸಂರಕ್ಷಣಾ ವಲಯವೆಂದು ಘೋಷಿಸಿದರು. ಇತ್ತೀಚೆಗೆ ಸರಕಾರವೂ ಕೈಬಿಗಿ ಮಾಡಿದೆ. ಉಬುದ್‌ನಲ್ಲಿ ಗದ್ದೆಭೂಮಿಯ ಮೇಲೆ ಎದ್ದು ವಿದೇಶೀಯರ ಪ್ರತ್ಯೇಕ ಪೇಟೆಯಂತಾಗಿದ್ದ ಒಂದು ವಸತಿ ಸಮುಚ್ಚಯವನ್ನು 2025ರ ಜನವರಿಯಲ್ಲಿ ಮುಚ್ಚಿಸಲಾಯಿತು. ಅದೇ ಜುಲೈಯಲ್ಲಿ ಬಿಂಗಿನ್ ಕಡಲತೀರದ ಬಂಡೆಗೆ ಅಂಟಿಕೊಂಡಿದ್ದ ಅನಧಿಕೃತ ಅಂಗಡಿ, ತಂಗುಮನೆಗಳನ್ನು ಕೆಡವಲಾಯಿತು. ಅವುಗಳಲ್ಲಿ ಹಲವು ಸ್ಥಳೀಯರವೇ ಆಗಿದ್ದವು, ಹೆಂಗಸರು ಅಳುತ್ತ ನಿಂತಿದ್ದರು. ತುಂಗಭದ್ರೆಯ ನಡುವಿನ ವಿರೂಪಾಪುರ ಗಡ್ಡೆಯನ್ನು ಬಲ್ಲವರಿಗೆ ಈ ದೃಶ್ಯ ಪರಿಚಿತ. ಹಂಪಿಯ ಎದುರಿನ ಆ ನಡುಗಡ್ಡೆಯಲ್ಲಿ ವಿದೇಶೀ ಪ್ರವಾಸಿಗಳಿಗಾಗಿ ಗದ್ದೆಗಳ ಅಂಚಿನಲ್ಲಿ ಎದ್ದಿದ್ದ ತಂಗುಮನೆಗಳನ್ನು, ಸರ್ವೋಚ್ಚ ನ್ಯಾಯಾಲಯದ ಫೆಬ್ರವರಿ ತೀರ್ಪಿನ ಬಳಿಕ, 2020ರ ಮಾರ್ಚಿಯಲ್ಲಿ ನೆಲಸಮ ಮಾಡಲಾಯಿತು. ಕಟ್ಟುವಾಗ ಸುಮ್ಮನಿದ್ದು, ಬದುಕು ಕಟ್ಟಿಕೊಂಡ ಮೇಲೆ ಯಂತ್ರ ತರುವ ಆಡಳಿತ ಎರಡೂ ಕಡೆ ಒಂದೇ ಬಗೆಯದು.

ಇಷ್ಟು ಹೇಳಿ, ಪ್ರವಾಸಿಗಳು ಬರದಿದ್ದರೆ ಬಾಲಿ ಸುಖವಾಗಿರುತ್ತದೆ ಎಂದರೆ ಅದು ಸುಳ್ಳಾಗುತ್ತದೆ. 2002ರ ಅಕ್ಟೋಬರ್ 12ರಂದು ಕುತಾದಲ್ಲಿ ಬಾಂಬು ಸಿಡಿದು 202 ಮಂದಿ ಮಡಿದಾಗ ದ್ವೀಪದ ಒಲೆಗಳೇ ತಣ್ಣಗಾಗಿದ್ದವು. 2020ರ ಸಾಂಕ್ರಾಮಿಕದಲ್ಲಿ ಅಲ್ಲಿನ ಆರ್ಥಿಕತೆ ಶೇಕಡಾ ಒಂಬತ್ತಕ್ಕೂ ಹೆಚ್ಚು ಕುಗ್ಗಿತು. ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದವರು ಊರಿಗೆ ಮರಳಿದರು. ಲೆಂಬೊಂಗಾನ್ ದ್ವೀಪದಲ್ಲಿ ಬಿಟ್ಟುಹೋಗಿದ್ದ ಕಡಲಪಾಚಿಯ ಕೃಷಿ ಮತ್ತೆ ಜೀವ ತಳೆಯಿತು. ಪ್ರವಾಸಿಗಳು ಮರಳಿದೊಡನೆ ಹಲವರು ಅದನ್ನು ಮತ್ತೆ ಬಿಟ್ಟರು. ದಿನಕ್ಕೆ ಎರಡು ಸಲ ಉಪ್ಪುನೀರಿನಲ್ಲಿ ಬೆನ್ನು ಬಗ್ಗಿಸುವುದಕ್ಕಿಂತ ದೋಣಿಯಲ್ಲಿ ಜನರನ್ನು ದಾಟಿಸುವುದು ಸುಲಭವೆಂದು ಆರಿಸಿಕೊಂಡ ಯುವಕನನ್ನು ಗುಡ್ಡದ ಊರಿನ ಯಾರೂ ದೂಷಿಸಲಾರರು. ತೋಟದ ಮನೆಯನ್ನು ಹೋಂಸ್ಟೇ ಮಾಡಿದ ಮಲೆನಾಡಿನವರು ಮಾಡಿದ ಲೆಕ್ಕವೂ ಅದೇ. ಅಂಥ ಮನೆಗಳಿಗೆ ವಿದೇಶೀ ಅತಿಥಿ ಬಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ವಿದೇಶೀಯರ ನೋಂದಣಿ ಕಚೇರಿಗೆ ತಿಳಿಸಬೇಕು. ಅದನ್ನು ಮರೆತು ಪೇಚಿಗೆ ಸಿಲುಕಬಾರದೆಂದು ಇಲ್ಲಿಯೇ ಹೇಳಿಬಿಡುವುದು ಒಳಿತು.

2025ರ ಸೆಪ್ಟೆಂಬರ್ 10ರಂದು ಬಾಲಿಯಲ್ಲಿ ಸುರಿದ ಮಳೆಗೆ ಡೆನ್‌ಪಸಾರ್ ಮತ್ತು ಸುತ್ತಲಿನ ಪ್ರದೇಶ ಮುಳುಗಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಆಯುಂಗ್ ನದಿಯ ಜಲಾನಯನದಲ್ಲಿ ಉಳಿದಿರುವ ಕಾಡು ಶೇಕಡಾ ಮೂರರಷ್ಟು ಮಾತ್ರವೆಂದು ಪರಿಸರ ಸಚಿವರು ಆಗ ಹೇಳಿದರು. ಮೆಟ್ಟಿಲುಗದ್ದೆ ಮಳೆಯನ್ನು ಹಿಡಿದು ನಿಲ್ಲಿಸುವ ಸಾವಿರ ಸಣ್ಣ ಕೆರೆಗಳಿದ್ದಂತೆ. ಕಾಂಕ್ರೀಟಿನ ಅಂಗಳ ಹಾಗಲ್ಲ. ಕೃಷಿಭೂಮಿಯಲ್ಲಿ ಹೋಟೆಲು, ಉಪಾಹಾರಗೃಹಗಳಿಗೆ ಇನ್ನು ಹೊಸ ಪರವಾನಗಿ ನೀಡುವುದಿಲ್ಲವೆಂದು ನೆರೆ ಇಳಿದ ದಿನಗಳಲ್ಲೇ ರಾಜ್ಯಪಾಲರು ಪ್ರಕಟಿಸಿದರು. ಆದರೆ ಸಹಿಯಾಗಿರುವ ಗುತ್ತಿಗೆಗಳು ಇವೆ. ಈ ಶತಮಾನದ ಆರಂಭದಲ್ಲಿ ಇಪ್ಪತ್ತೈದು, ಮೂವತ್ತು ವರ್ಷಗಳಿಗೆಂದು ಕೊಟ್ಟ ಗದ್ದೆಗಳ ಅವಧಿ ಒಂದೊಂದಾಗಿ ಮುಗಿಯುವ ಕಾಲ ಈಗ ಬರುತ್ತಿದೆ. ಕಾಗದದ ಪ್ರಕಾರ ಆ ನೆಲ ಮೂಲ ಕುಟುಂಬಕ್ಕೆ ಮರಳುತ್ತದೆ. ಕೈಗೆ ಬರುವುದು ಈಜುಕೊಳವಿರುವ ಒಂದು ಹಳೆಯ ಕಟ್ಟಡ, ಮೇಲಿನ ಕಾಲುವೆ ಹೂತುಹೋಗಿರುವ ನಾಲ್ಕೈದು ಆರೆ ಜಾಗ, ಮತ್ತು ನಾಟಿ ಮಾಡುವುದನ್ನು ಅರಿಯದ ಒಂದು ತಲೆಮಾರು. ಮತ್ತೆ ಗುತ್ತಿಗೆಗೆ ಕೊಡುವುದೋ, ಕಾಲುವೆಯ ಹೂಳೆತ್ತುವುದೋ ಎಂಬುದು ಆ ಮನೆಗಳ ಜಗಲಿಯಲ್ಲಿ ತೀರ್ಮಾನವಾಗಬೇಕಾಗಿದೆ.